ಹದಿನಾಲ್ಕು ಸೆಕೆಂಡಿನ ಹಸಿರು ಮನುಷ್ಯನಿಗೆ ಒಂದು ಹೆಬ್ಬೆರಳಿನ ಅಹವಾಲು

ಇವರಿಗೆ,
ಶ್ರೀ ಹಸಿರು ಮನುಷ್ಯ ಅವರು,
ಪಾದಚಾರಿ ಸಿಗ್ನಲ್, ಕೆಳಗಿನ ಅಂತಸ್ತು,
ಔಷಧಿ ಅಂಗಡಿಯ ಮುಂದಿನ ಕಂಬ.

ಮಾನ್ಯರೇ,

ಮೊದಲಿಗೆ ತಮ್ಮ ಪಾದಗಳಿಗೆ ಈ ಮುದುಕಿಯ ನಮಸ್ಕಾರಗಳು. ಬೇರೆಯವರಿಗೆ ಬರೆಯುವಾಗ ಪಾದದ ಮಾತು ಬರಿಯ ಉಪಚಾರವಾದೀತು, ತಮ್ಮ ವಿಷಯದಲ್ಲಿ ಹಾಗಲ್ಲ, ಏಕೆಂದರೆ ಆರು ವರ್ಷಗಳಿಂದ ದಿನವೂ ಬೆಳಿಗ್ಗೆ ಹತ್ತಕ್ಕೆ ತಮ್ಮೆದುರು ನಿಂತು ನಾನು ನೋಡುತ್ತಾ ಬಂದಿರುವುದು ತಮ್ಮ ಪಾದಗಳನ್ನೇ. ಮುಂದಿನ ಕಾಲನ್ನು ಅಷ್ಟು ದೂರ ಚಾಚಿ, ಹಿಂದಿನ ಕಾಲನ್ನು ಅಷ್ಟು ಚಂದವಾಗಿ ಎತ್ತಿ, ಬೆನ್ನು ನೆಟ್ಟಗಿಟ್ಟು, ಕೈ ಬೀಸಿಕೊಂಡು ನಡೆಯುವ ತಮ್ಮ ಗತ್ತನ್ನು ಎಷ್ಟು ಹೊಗಳಿದರೂ ಸಾಲದು. ಬಿಸಿಲಿರಲಿ ಮಳೆಯಿರಲಿ, ತಮಗೆ ಮಂಡಿ ಹಿಡಿದದ್ದನ್ನಾಗಲಿ, ಸೊಂಟ ಉಳುಕಿದ್ದನ್ನಾಗಲಿ, ಚಪ್ಪಲಿ ಕಿತ್ತುಹೋಗಿ ಒಂದನ್ನು ಕೈಯಲ್ಲಿ ಹಿಡಿದುಕೊಂಡು ನಿಂತದ್ದನ್ನಾಗಲಿ ನಾನು ಕಂಡಿಲ್ಲ. ಈ ಆರೋಗ್ಯದ ಗುಟ್ಟೇನಿರಬಹುದು ಎಂದು ಬಹಳ ದಿನ ತಲೆ ಕೆಡಿಸಿಕೊಂಡು, ಹೋದ ತಿಂಗಳಷ್ಟೇ ಕಂಡುಹಿಡಿದೆ. ತಮಗೆ ಕಾಲ್ಬೆರಳುಗಳೇ ಇಲ್ಲ.

ಪರಿಚಯ ಹೇಳಿಕೊಳ್ಳದೆ ಇಷ್ಟು ಮಾತಾಡಿದ್ದಕ್ಕೆ ಕ್ಷಮೆ ಇರಲಿ. ನನಗೆ ಅರವತ್ತೊಂಬತ್ತು ವರ್ಷ. ಮಗ, ಸೊಸೆಯ ಜೊತೆ ತಮ್ಮ ರಸ್ತೆಯ ಈ ಬದಿಯಲ್ಲಿ ವಾಸ. ಒಂದು ದೊಡ್ಡ ಪಾದರಕ್ಷೆ ಅಂಗಡಿಯ ಹೆಂಗಸರ ವಿಭಾಗದಲ್ಲಿ ಮೂವತ್ತಾರು ವರ್ಷ ಮಾರಾಟದ ಕೆಲಸ ಮಾಡಿ ನಿವೃತ್ತಳಾದವಳು. ಆದ್ದರಿಂದ ಜನರ ಮುಖ ನನಗೆ ಬೇಗ ಮರೆತುಹೋಗುತ್ತದೆ, ಪಾದ ಮರೆಯುವುದಿಲ್ಲ. ಯಾರಾದರೂ ದಾರಿಯಲ್ಲಿ ತಡೆದು "ಗುರುತು ಸಿಗ್ಲಿಲ್ವಾ?" ಎಂದರೆ ನಾನು ಒಮ್ಮೆ ಕೆಳಗೆ ನೋಡಿ, "ಓ, ನೀವಾ!" ಎನ್ನುತ್ತೇನೆ. ಇದನ್ನು ಕೆಲವರು ನಾಚಿಕೆ ಎಂದು ತಿಳಿದು ಮೆಚ್ಚಿಕೊಂಡದ್ದೂ ಉಂಟು.

ರಸ್ತೆಯ ಆಚೆ ಬದಿಯ ಕಟ್ಟಡದಲ್ಲಿ, ಮೂರನೆಯ ಮಹಡಿಯಲ್ಲಿ, ನನ್ನ ಅಕ್ಕ ಇದ್ದಾಳೆ. ಎಪ್ಪತ್ಮೂರು ವರ್ಷ. ಹೈಸ್ಕೂಲಿನಲ್ಲಿ ಗಣಿತದ ಟೀಚರ್ ಆಗಿದ್ದವಳು. ಮದುವೆಯ ಗೊಡವೆಗೆ ಹೋಗದೆ, ಯಾರ ಹಂಗಿನಲ್ಲೂ ಇರದೆ, ತನ್ನ ಮನೆಯಲ್ಲಿ ತಾನು ರಾಣಿಯಂತಿದ್ದಾಳೆ. ದಿನವೂ ಹತ್ತು ಗಂಟೆಗೆ ನಾನು ರಸ್ತೆ ದಾಟಿ ಅವಳ ಮನೆಗೆ ಹೋಗುವುದು, ಒಂದು ಲೋಟ ಕಾಫಿ ಕುಡಿಯುವುದು, ಅರವತ್ತು ವರ್ಷಗಳಿಂದ ನಡೆದುಬಂದಿರುವ ನಮ್ಮ ಜಗಳದ ಆ ದಿನದ ಕಂತನ್ನು ಮುಗಿಸುವುದು, ಹನ್ನೆರಡಕ್ಕೆ ಹಿಂತಿರುಗುವುದು. ಇದು ರೂಢಿ. ಜಗಳಕ್ಕೆ ವಿಷಯಗಳ ಬರವಿಲ್ಲ. ಅಮ್ಮನಿಗೆ ನಮ್ಮಿಬ್ಬರಲ್ಲಿ ಯಾರನ್ನು ಕಂಡರೆ ಜಾಸ್ತಿ ಪ್ರೀತಿ, ಅಮ್ಮನ ನೀಲಿ ಛತ್ರಿಯನ್ನು ಬಸ್ಸಿನಲ್ಲಿ ಬಿಟ್ಟು ಬಂದವರು ಯಾರು, ನನ್ನ ಮದುವೆಯ ಗುಂಪು ಫೋಟೋದಲ್ಲಿ ಅಕ್ಕ ಕಣ್ಣು ಮುಚ್ಚಿಕೊಂಡದ್ದು ಬೇಕೆಂದೇ ಹೌದೋ ಅಲ್ಲವೋ. ಛತ್ರಿ ಬಿಟ್ಟು ಬಂದವಳು ನಾನೇ, ಆದರೆ ಇದು ತಮ್ಮಲ್ಲೇ ಇರಲಿ.

ಇನ್ನು ಅಹವಾಲಿಗೆ ಬರುತ್ತೇನೆ. ನನ್ನ ಬಲಗಾಲಿನ ಹೆಬ್ಬೆರಳಿನ ಬುಡದಲ್ಲಿ, ಒಳಬದಿಗೆ, ಒಂದು ಗಂಟು ಬೆಳೆದಿದೆ. ಡಾಕ್ಟರು ಇದಕ್ಕೆ ಬನಿಯನ್ ಎನ್ನುತ್ತಾರೆ, ಅಂಗಿಯ ಒಳಗೆ ತೊಡುವುದಕ್ಕೂ ಇದಕ್ಕೂ ಯಾವ ನಂಟೂ ಇಲ್ಲ. ಗಂಟು ಎಂದರೂ ಅದು ಮೇಲೆ ಬಂದು ಕೂತದ್ದಲ್ಲ, ಮೂಳೆಯೇ ಜರುಗಿ ಹೊರಗೆ ಇಣುಕುತ್ತಿರುವುದು. ಅತ್ತ ಬುಡ ಹೊರಕ್ಕೆ ಹೋದರೆ ಇತ್ತ ಹೆಬ್ಬೆರಳಿನ ತುದಿ ಪಕ್ಕದ ಬೆರಳಿನ ಕಡೆಗೆ ವಾಲಿ, ಬಸ್ಸಿನಲ್ಲಿ ನಿದ್ದೆ ಹೋದ ಅಪರಿಚಿತನಂತೆ ಅದರ ಹೆಗಲ ಮೇಲೆ ತಲೆಯಿಟ್ಟು ಮಲಗಿದೆ. ಪಕ್ಕದ ಬೆರಳು ಪಾಪ, ಸಂಕೋಚದ ಸ್ವಭಾವದ್ದು, ಏನೂ ಅನ್ನದೆ ಮಡಚಿಕೊಂಡು ಕೂತಿದೆ.

ನೋವು ಅಷ್ಟಾಗಿ ಇಲ್ಲ, ಆದ್ದರಿಂದ ನಾನೂ ಬಹಳ ವರ್ಷ ಇದನ್ನು ಅಂದಚಂದದ ವಿಷಯ ಎಂದುಕೊಂಡು, ಪಾದ ಮುಚ್ಚುವ ಸೀರೆ ಉಟ್ಟು ಸುಮ್ಮನಿದ್ದೆ. ಇದು ನಡಿಗೆಯ ವಿಷಯ ಎಂದು ಗೊತ್ತಾದದ್ದು ಫಿಸಿಯೋಥೆರಪಿ ಮಾಡುವ ಹುಡುಗಿಯ ಹತ್ತಿರ ಹೋದಾಗ. ಅವಳು ನೆಲದ ಮೇಲೆ ಪುಸ್ತಕಕ್ಕೆ ಹಾಕುವ ಕಂದು ಕಾಗದವನ್ನು ಉದ್ದಕ್ಕೆ ಹಾಸಿ, ನನ್ನ ಅಂಗಾಲನ್ನು ನೀರಿನಲ್ಲಿ ಅದ್ದಿಸಿ, ಆ ತುದಿಯಿಂದ ಈ ತುದಿಗೆ ನಡೆಯಲು ಹೇಳಿದಳು. ಆಮೇಲೆ ಇಬ್ಬರೂ ಬಗ್ಗಿ ನನ್ನ ಹೆಜ್ಜೆಗಳನ್ನು ಓದಿದೆವು. ಹಿಮ್ಮಡಿ ಇತ್ತು, ಪಾದದ ಹೊರ ಅಂಚು ಇತ್ತು, ನಡುವಿನ ಬೆರಳುಗಳ ಬುಡದಲ್ಲಿ ಒಂದು ದೊಡ್ಡ ಒದ್ದೆ ಮಚ್ಚೆ ಇತ್ತು. ಬಲಗಾಲಿನ ಹೆಬ್ಬೆರಳು ಇರಬೇಕಾದ ಕಡೆ ಕಾಗದ ಒಣಗಿದ್ದು ಒಣಗಿದಂತೆಯೇ ಇತ್ತು. "ಅಮ್ಮಾ, ನಿಮ್ಮ ಹೆಬ್ಬೆರಳು ರಜದ ಮೇಲಿದೆ," ಎಂದಳು ಹುಡುಗಿ.

ತಮಗೆ ಬೆರಳುಗಳಿಲ್ಲದ ಕಾರಣ ಇದು ತಿಳಿದಿರಲಿಕ್ಕಿಲ್ಲ, ಆದ್ದರಿಂದ ಅವಳು ಹೇಳಿದ್ದನ್ನೇ ಒಪ್ಪಿಸುತ್ತೇನೆ. ನಡೆಯುವಾಗ ಮೊದಲು ಹಿಮ್ಮಡಿ ನೆಲಕ್ಕೆ ತಾಗುತ್ತದಂತೆ. ಮೈಭಾರ ಅಲ್ಲಿಂದ ಪಾದದ ಹೊರ ಅಂಚಿನ ಗುಂಟ ಮುಂದೆ ಬಂದು, ಕೊನೆಗೆ ಒಳಕ್ಕೆ ತಿರುಗಿ, ಹೆಬ್ಬೆರಳಿನ ಬುಡಕ್ಕೆ ತಲುಪುತ್ತದೆ. ಆಗ ಹೆಬ್ಬೆರಳು ನೆಲವನ್ನು ಹಿಂದಕ್ಕೆ ಒತ್ತಿ ಇಡೀ ಮೈಯನ್ನು ಮುಂದಕ್ಕೆ ತಳ್ಳಬೇಕು. ತಮ್ಮ ಹಿಂದಿನ ಕಾಲು ಅಷ್ಟು ಚಂದವಾಗಿ ಎದ್ದಿರುವುದು ಅಂಥ ಒಂದು ತಳ್ಳಿನಿಂದಲೇ. ನನ್ನ ಹೆಬ್ಬೆರಳು ವಾಲಿ ಮಲಗಿರುವುದರಿಂದ ಭಾರ ಅಲ್ಲಿಗೆ ಹೋಗಲು ಹೆದರಿ, ನಡುವೆಯೇ ಇಳಿದುಬಿಡುತ್ತದೆ. ಇಂಥ ಕೆಲಸ ಮಾಡಿ ಅಭ್ಯಾಸವಿಲ್ಲದ ನಡುವಿನ ಬೆರಳುಗಳ ಬುಡ ಆಣಿ ಕಟ್ಟಿಕೊಂಡು ಕೂತಿದೆ. ಕೊನೆಯ ತಳ್ಳು ಇಲ್ಲವಾದ್ದರಿಂದ ಕಾಲನ್ನು ಸೊಂಟದಿಂದಲೇ ಎತ್ತಿ ಮುಂದೆ ಇಡಬೇಕು. ಹೆಜ್ಜೆ ಗಿಡ್ಡವಾಗುತ್ತದೆ, ಎರಡೂ ಕಾಲು ನೆಲದ ಮೇಲಿರುವ ಹೊತ್ತು ಹೆಚ್ಚುತ್ತದೆ, ಪಕ್ಕಕ್ಕೆ ವಾಲಿದರೆ ತಡೆದು ನಿಲ್ಲಿಸಬೇಕಾದ ಬೆರಳೇ ಕೈಕೊಟ್ಟಿರುವುದರಿಂದ ಕತ್ತು ತಿರುಗಿಸಿ ವಾಹನ ನೋಡಿದರೂ ಮೈ ಜೋಲಿ ಹೊಡೆಯುತ್ತದೆ. ಆದಕಾರಣ ನಾನು ರಸ್ತೆ ದಾಟುವಾಗ ನೆಲವನ್ನೇ ನೋಡುತ್ತೇನೆ. ತಮ್ಮ ಮುಖ ನೋಡದೆ ನಡೆದದ್ದು ಅಹಂಕಾರದಿಂದ ಎಂದು ತಾವು ಭಾವಿಸಿದ್ದರೆ, ದಯವಿಟ್ಟು ಮನಸ್ಸಿನಿಂದ ತೆಗೆದುಹಾಕಿ.

ಒಂದು ಬೆರಳು ಕೆಲಸಕ್ಕೆ ಬಾರದೆ ಹೋದರೆ ಸೊಂಟ, ಮಂಡಿ, ಕಣ್ಣು, ಕುತ್ತಿಗೆ ಎಲ್ಲವೂ ಅದರ ಪಾಲಿನ ಕೆಲಸ ಹಂಚಿಕೊಳ್ಳಬೇಕು ಎಂಬುದನ್ನು ನಾನು ಈ ವಯಸ್ಸಿನಲ್ಲಿ ಕಲಿತೆ. ಯಾವ ಕಚೇರಿಯಲ್ಲೂ ಇಷ್ಟು ಒಗ್ಗಟ್ಟು ಕಂಡಿಲ್ಲ.

ತಮ್ಮ ರಸ್ತೆ ಹದಿನೇಳು ಮೀಟರ್ ಅಗಲ. ತಾವು ಉರಿಯುವುದು ಹದಿನಾಲ್ಕು ಸೆಕೆಂಡ್. ನನಗೆ ಮೊದಲೆಲ್ಲ ಎರಡು ಮೂರು ಸೆಕೆಂಡ್ ಕಡಿಮೆ ಬೀಳುತ್ತಿತ್ತು, ಅಷ್ಟನ್ನು ವಾಹನದವರು ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಡುತ್ತಿದ್ದರು. ಕಡಿಮೆ ಬೀಳುವುದು ಏಳಕ್ಕೆ ಬಂದಾಗ ಆ ದೊಡ್ಡ ಮನಸ್ಸೂ ಮುಗಿಯಿತು. ಹೋದ ತಿಂಗಳ ಎರಡನೆಯ ಮಂಗಳವಾರ, ಮೂರರಲ್ಲಿ ಎರಡು ಪಾಲು ರಸ್ತೆ ದಾಟಿ ತಲೆಯೆತ್ತಿ ನೋಡಿದರೆ, ತಾವು ಕಣ್ಣು ಮಿಟುಕಿಸುತ್ತಿದ್ದಿರಿ. ಈ ವಯಸ್ಸಿನಲ್ಲಿ ನನಗೆ ಕಣ್ಣು ಹೊಡೆದ ಗಂಡಸು ತಾವೊಬ್ಬರೇ ಆದ್ದರಿಂದ ಆ ಗೌರವಕ್ಕೆ ಋಣಿ. ಆದರೆ ಮರುಕ್ಷಣವೇ ತಾವು ಆರಿಹೋಗಿ, ಮೇಲಿನ ಅಂತಸ್ತಿನ ತಮ್ಮ ಕೆಂಪಣ್ಣ ಕಾಲು ಜೋಡಿಸಿಕೊಂಡು ಪ್ರತ್ಯಕ್ಷರಾದರು. ಬಲಕ್ಕೆ ಒಂದು ಲಾರಿ, ಎಡಕ್ಕೆ ಮೂರು ಕಾರು, ನಡುವೆ ನಾನು, ನನ್ನ ಕೈಚೀಲ, ಅಕ್ಕನಿಗೆಂದು ಒಯ್ಯುತ್ತಿದ್ದ ಅರ್ಧ ಡಜನ್ ಬಾಳೆಹಣ್ಣು. ಹಾರನ್ನುಗಳ ಮೇಳ ಶುರುವಾಯಿತು. ಲಾರಿಯವನು ತಲೆ ಹೊರಗೆ ಹಾಕಿ, "ಅಜ್ಜೀ, ಅಲ್ಲೇ ಮನೆ ಕಟ್ಟಿಸ್ತೀರಾ?" ಎಂದು ಕೇಳಿದ. ಪ್ರಶ್ನೆ ಸಮಂಜಸವಾಗಿತ್ತು. ಲಾರಿಯ ಆಚೆಯಿಂದ ಬಂದ ಒಂದು ಬಸ್ಸು ಕಿರ್ರೆಂದು ಬ್ರೇಕು ಹಾಕಿ, ನನ್ನಿಂದ ಎರಡು ಮಾರು ದೂರದಲ್ಲಿ ನಿಂತಿತು.

ಆ ಬಸ್ಸಿನಲ್ಲಿ ನನ್ನ ಸೊಸೆ ಇದ್ದಳು.

ಅವಳು ಇಳಿದು ಓಡಿ ಬಂದು ನನ್ನ ರಟ್ಟೆ ಹಿಡಿದು ಅಕ್ಕನ ಮನೆಯ ಬದಿಗೆ ದಾಟಿಸಿದಳು, ಆ ದಿನ ಕೆಲಸಕ್ಕೂ ಹೋಗಲಿಲ್ಲ. ಅವಳು ಬೈದಿದ್ದರೆ ನಾನು ತಿರುಗಿ ಎರಡು ಮಾತಾಡಿ ಗೆಲ್ಲುತ್ತಿದ್ದೆ. ಸಂಜೆ ಊಟದ ಮೇಜಿನ ಹತ್ತಿರ ಕೂತು ಅವಳು ಅಂದದ್ದು ಇಷ್ಟೇ: "ಅತ್ತೆ, ಬ್ರೇಕ್ ಹಾಕಿದಾಗ ನಾವೆಲ್ಲ ಒಬ್ಬರ ಮೇಲೆ ಒಬ್ಬರು ಬಿದ್ವಿ. ಯಾರಪ್ಪಾ ಅಡ್ಡ ಬಂದಿದ್ದು ಅಂತ ಎಲ್ರ ಜೊತೆ ನಾನೂ ಬೈತಾ ಬಗ್ಗಿ ನೋಡಿದೆ. ನೋಡಿದ್ರೆ ನೀವು." ಹಾಗೆಂದು ನೀರಿನ ಲೋಟ ಎತ್ತಿಕೊಂಡು, ತಾನು ಕುಡಿಯದೆ ನನ್ನ ಮುಂದೆ ಇಟ್ಟಳು. ಅವತ್ತಿನಿಂದ ಮನೆಯಲ್ಲಿ ಕಟ್ಟಪ್ಪಣೆ: ನಾನು ಒಬ್ಬಳೇ ಆ ರಸ್ತೆ ದಾಟುವಂತಿಲ್ಲ. ಭಾನುವಾರ ಮಗ ಕಾರಿನಲ್ಲಿ ಕರೆದುಕೊಂಡು ಹೋಗಿ ಬಿಡುತ್ತಾನೆ. ಎದುರು ಕಾಣುವ ಮನೆಗೆ ತಲುಪಲು ಎರಡು ಕಿಲೋಮೀಟರ್ ಹೋಗಿ, ತಿರುವು ತೆಗೆದುಕೊಂಡು, ಮತ್ತೆ ಎರಡು ಕಿಲೋಮೀಟರ್ ಬರಬೇಕು. ಉಳಿದ ಆರು ದಿನ ವಿಡಿಯೋ ಕಾಲ್ ಸಾಕಂತೆ. ಅಕ್ಕ ಫೋನು ಹೇಗೆ ಹಿಡಿದರೂ ನನಗೆ ಕಾಣುವುದು ಅವಳ ಹಣೆ ಮಾತ್ರ. ಮಾನ್ಯರೇ, ಹಣೆಯ ಜೊತೆ ಜಗಳವಾಡಲು ಸಾಧ್ಯವೇ? ಮೂತಿ ತಿರುಗಿಸಿದ್ದಾಳೋ ಮುಸಿಮುಸಿ ನಗುತ್ತಿದ್ದಾಳೋ ತಿಳಿಯದೆ ಮುಂದಿನ ಮಾತು ಆಡುವುದಾದರೂ ಹೇಗೆ?

ನನ್ನದು ಒಂದು ಕಾಲಾದರೆ ಅಕ್ಕನಿಗೆ ಎರಡೂ ಕಾಲಿನಲ್ಲಿ ಗಂಟು, ನನ್ನದಕ್ಕಿಂತ ದೊಡ್ಡವು. ಹದಿನಾಲ್ಕು ತಿಂಗಳಿಂದ ಅವಳು ಕೆಳಗಿಳಿದು ಗೇಟು ದಾಟಿಲ್ಲ. ಅಂದರೆ ನಾನು ಹೋಗದಿದ್ದರೆ ಅವಳು ಬರುವಂತಿಲ್ಲ. ನಾವಿಬ್ಬರೂ ಇನ್ನೆಷ್ಟು ವರ್ಷ ಇರುತ್ತೇವೋ, ಇರುವಷ್ಟು ದಿನ ಒಬ್ಬರ ಮುಖ ಒಬ್ಬರು ನೋಡುವುದು ತಮ್ಮ ಏಳು ಸೆಕೆಂಡಿನ ಮೇಲೆ ನಿಂತಿದೆ. ಇದು ಪೂರ್ತಿ ಅಹವಾಲು. ಇನ್ನುಳಿದದ್ದು ಅದರ ಹಿನ್ನೆಲೆ.

ಸಿಗ್ನಲ್ಲುಗಳನ್ನು ನೋಡಿಕೊಳ್ಳುವ ತಮ್ಮ ಕಚೇರಿಗೆ ನಾನು ಆಗಲೇ ಬರೆದಿದ್ದೆ. "ಸಂಬಂಧಿತ ಅವಧಿಯನ್ನು ಸರಾಸರಿ ಪಾದಚಾರಿಯ ನಡಿಗೆಯ ವೇಗವನ್ನು ಆಧರಿಸಿ ನಿಗದಿಪಡಿಸಲಾಗಿದೆ" ಎಂಬ ಉತ್ತರ ಬಂತು. ಸರಾಸರಿ ಪಾದಚಾರಿಯನ್ನು ಒಮ್ಮೆ ಕಣ್ಣಾರೆ ಕಾಣುವ ಆಸೆಯಿಂದ ಮಗನನ್ನು ಕಾಡಿ ಬೇಡಿ ಕಚೇರಿಗೇ ಹೋದೆ. ಮೆಟ್ಟಿಲು ಹತ್ತಿ ಎರಡನೆಯ ಮಹಡಿ, ಉದ್ದನೆಯ ಓಣಿ, ಕೊನೆಯ ಮೇಜು. ಅಲ್ಲಿದ್ದ ಗುಮಾಸ್ತರು ಬಹಳ ಸಭ್ಯರು, ನನಗೆ ಕುರ್ಚಿ ಕೊಟ್ಟು ತಾವು ನಿಂತರು. ಒಂಬತ್ತರ ಪಾದಕ್ಕೆ ಎಂಟರ ಷೂ ಹಾಕಿಕೊಂಡಿದ್ದರು, ಆದರೆ ನಾನು ಹೋದದ್ದು ಬೇರೆ ಕೆಲಸಕ್ಕಾದ್ದರಿಂದ ಅದನ್ನು ಎತ್ತಲಿಲ್ಲ. "ನಾವೇ ಖುದ್ದಾಗಿ ನಡೆದು ಅಳೆದಿದ್ದೀವಿ ಮೇಡಂ, ಅಂದಾಜಲ್ಲ," ಎಂದು ಅವರು ಹೆಮ್ಮೆಯಿಂದ ಹೇಳಿದರು. ಯಾವಾಗ ಎಂದೆ. ಭಾನುವಾರ ಬೆಳಿಗ್ಗೆ, ವಾಹನಗಳಿಲ್ಲದಾಗ, ಕಚೇರಿಯ ಇಬ್ಬರು ನೌಕರರು ಹನ್ನೆರಡು ಬಾರಿ ದಾಟಿ ಸರಾಸರಿ ತೆಗೆದರಂತೆ. ಇಬ್ಬರಿಗೂ ವಯಸ್ಸೆಷ್ಟು ಎಂದೆ. ಒಬ್ಬರಿಗೆ ಇಪ್ಪತ್ತಾರು, ಇನ್ನೊಬ್ಬರಿಗೆ ಇಪ್ಪತ್ತೊಂಬತ್ತು, ಇಬ್ಬರೂ ಕಚೇರಿಯ ಫುಟ್ಬಾಲ್ ತಂಡದಲ್ಲಿದ್ದಾರಂತೆ.

ಅದನ್ನು ಕೇಳಿ ಕೋಪ ಬರಬೇಕಿತ್ತು, ಬರಲಿಲ್ಲ. ಮಾನ್ಯರೇ, ಆ ತಪ್ಪಿನ ಪರಿಚಯ ನನಗೆ ಚೆನ್ನಾಗಿಯೇ ಇತ್ತು. ಅದನ್ನು ನಾನು ಮೂವತ್ತಾರು ವರ್ಷ ನನ್ನ ಕೈಯಾರೆ ಮಾಡಿದ್ದೆ.

ನಮ್ಮ ಅಂಗಡಿಯಲ್ಲಿ ಪಾದ ಅಳೆಯುವ ಮರದ ಹಲಗೆ ಇತ್ತು. ಹಿಂದೆ ಹಿಮ್ಮಡಿಗೆ ತಡೆ, ಮುಂದೆ ಜಾರುವ ಒಂದು ತುಂಡು, ಅಂಚಿನಲ್ಲಿ ನಂಬರುಗಳು. ಯಜಮಾನರ ಒಂದೇ ಕಟ್ಟುನಿಟ್ಟು: ಗಿರಾಕಿಯನ್ನು ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿ, ಕಾಲನ್ನು ಎತ್ತಿ ಇಳಿಜಾರಿನ ಸ್ಟೂಲಿನ ಮೇಲಿಟ್ಟುಕೊಂಡೇ ಅಳೆಯಬೇಕು. ನಿಲ್ಲಿಸಿ ಅಳೆಯಕೂಡದು. ಮೈಭಾರ ಬಿದ್ದಾಗ ಪಾದ ಉದ್ದಕ್ಕೂ ಅಗಲಕ್ಕೂ ಹರಡಿಕೊಳ್ಳುತ್ತದೆ, ಅರ್ಧ ನಂಬರೋ ಒಂದು ನಂಬರೋ ಹೆಚ್ಚು ಬರುತ್ತದೆ. ಕೂತು ಅಳೆದರೆ ಚಿಕ್ಕ ನಂಬರು. ಚಿಕ್ಕ ನಂಬರು ಕೇಳಿದ ಹೆಂಗಸು ಮುಗುಳ್ನಗುತ್ತಾಳೆ, ಮುಗುಳ್ನಕ್ಕವಳು ಖಾಲಿ ಕೈಯಲ್ಲಿ ಹೋಗುವುದಿಲ್ಲ ಎಂಬುದು ಯಜಮಾನರ ಸಿದ್ಧಾಂತ. ಎದ್ದು ನಿಂತ ಮೇಲೆ ಅವಳು "ಸ್ವಲ್ಪ ಒತ್ತುತ್ತೆ ಅಲ್ವಾ?" ಎಂದರೆ, ನಾವೆಲ್ಲರೂ ಒಂದೇ ದನಿಯಲ್ಲಿ ಹೇಳಬೇಕಾದ ಮಾತೊಂದಿತ್ತು: "ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ." ಈ ಮಾತನ್ನು ನಾನು ನನ್ನ ಗಂಡನ ಹೆಸರಿಗಿಂತ ಹೆಚ್ಚು ಸಲ ಆಡಿರಬೇಕು. ಸುಳ್ಳೂ ಅಲ್ಲ ಅದು. ಸಡಿಲವಾಗುತ್ತಿತ್ತು. ಷೂ ಅಲ್ಲ, ಬೆರಳಿನ ಕೀಲು.

ನಾನು ಅಂಗಡಿಗೆ ಸೇರಿದ ಎರಡನೆಯ ತಿಂಗಳು ಅಕ್ಕನಿಗೆ ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿತು. ಮೊದಲ ದಿನಕ್ಕೆ ಹಾಕಿಕೊಳ್ಳಲು ಒಂದು ಜೊತೆ ಒಳ್ಳೆಯ ಷೂ ಬೇಕೆಂದು ನನ್ನ ಹತ್ತಿರವೇ ಬಂದಳು. ನಾನು ಹೊಸ ಹುರುಪಿನಲ್ಲಿ ಅವಳನ್ನು ಕೂರಿಸಿ, ಕಾಲೆತ್ತಿ ಹಲಗೆಗಿಟ್ಟು, ಐದು ಎಂದು ದೊಡ್ಡ ದನಿಯಲ್ಲಿ ಹೇಳಿದೆ. ಮುಂದೆ ಚೂಪಾದ ಕಪ್ಪು ಷೂ. ಎದ್ದು ಎರಡು ಹೆಜ್ಜೆ ನಡೆದವಳು, "ಬೆರಳು ಒತ್ತುತ್ತೆ ಕಣೇ," ಎಂದಳು. ಸಡಿಲವಾಗುತ್ತದೆ ಎಂದು ನಾನು ಹೇಳಿದೆ. ಆಮೇಲೆ ಅವಳ ನಂಬರು ಐದು ಎಂದು ಅಂಗಡಿಯ ಕಾರ್ಡಿನಲ್ಲಿ ಬರೆದಾಗಿತ್ತು, ಎರಡು ವರ್ಷಕ್ಕೊಮ್ಮೆ ಅದೇ ಐದು. ಮೂವತ್ತನಾಲ್ಕು ವರ್ಷ ಅವಳು ಆ ಐದರ ಮೇಲೆ ನಿಂತು ಬೋರ್ಡಿನ ಮುಂದೆ ಪಾಠ ಮಾಡಿದಳು. ಅಂಗಡಿಯ ಸಿಬ್ಬಂದಿಯೂ ಅಂಥ ಷೂವನ್ನೇ ಹಾಕಬೇಕೆಂಬ ನಿಯಮವಿದ್ದುದರಿಂದ ನಾನೂ ಹಾಕಿದೆ ಎನ್ನುವುದು ಸಮಾಧಾನವಲ್ಲ. ಅಮ್ಮನ ಪಾದದಲ್ಲೂ ಈ ಗಂಟು ಚೂರು ಇದ್ದಿದ್ದರೆ ನಿಮಗೂ ಬರಬಹುದಿತ್ತು ಎಂದು ಡಾಕ್ಟರು ಹೇಳಿದರು. ಇತ್ತು ನಿಜ. ಅರ್ಧ ಅಮ್ಮನದು, ಅರ್ಧ ಅಂಗಡಿಯದು ಎಂದಿಟ್ಟುಕೊಳ್ಳೋಣ. ಅಮ್ಮ ಮಾತ್ರ ಮನೆಯೊಳಗೆ ಬರಿಗಾಲಲ್ಲೇ ಓಡಾಡಿ, ಎಂಬತ್ತನೆಯ ವಯಸ್ಸಿನಲ್ಲೂ ನಮ್ಮನ್ನು ಹಿಂದೆ ಹಾಕಿ ನಡೆಯುತ್ತಿದ್ದಳು.

ನಮ್ಮ ಜಗಳದಲ್ಲಿ ಅಕ್ಕ ಛತ್ರಿ ಎತ್ತಿದ್ದಾಳೆ, ಅಮ್ಮನನ್ನು ಎತ್ತಿದ್ದಾಳೆ, ಐವತ್ತು ವರ್ಷದ ಹಿಂದೆ ನಾನು ಹರಿದ ಅವಳ ಲಂಗವನ್ನು ಎತ್ತಿದ್ದಾಳೆ. ಆ ಷೂ ವಿಷಯವನ್ನು ಮಾತ್ರ ಒಂದು ದಿನವೂ ಎತ್ತಿಲ್ಲ. ಆರು ವರ್ಷಗಳಿಂದ ನಾನು ತಮ್ಮ ಮುಂದೆ ನಿಂತು, ಇವತ್ತು ನಾನೇ ಎತ್ತಿಬಿಡಬೇಕು ಎಂದುಕೊಂಡು ದಾಟಿ, ಎತ್ತದೆ ವಾಪಸು ದಾಟಿದ್ದೇನೆ. ತಾವು ಸಾಕ್ಷಿ.

ಕಚೇರಿಗೆ ಹೋಗಿ ಬಂದ ಮೇಲಿನ ಭಾನುವಾರ, ಮಗ ನನ್ನನ್ನು ಇಳಿಸಿ ಹೋದ ಕೂಡಲೇ, ಕಾಫಿಗೂ ಕಾಯದೆ ಹೇಳಿಬಿಟ್ಟೆ. ಕೂರಿಸಿ ಅಳೆದದ್ದು, ನಿಲ್ಲಿಸಿದ್ದರೆ ಆರು ಬರುತ್ತಿದ್ದದ್ದು, ಎಲ್ಲವನ್ನೂ. ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟೆ. ಅಕ್ಕ ತನ್ನ ಎರಡೂ ಕಾಲನ್ನು ಮುಂದೆ ಚಾಚಿ ಅವನ್ನೇ ನೋಡಿಕೊಂಡಳು. ಆಮೇಲೆ, "ಗೊತ್ತು ಕಣೇ. ಐದು ಅಂತ ನೀನು ಕೂಗಿದಾಗ ನನಗೂ ಖುಷಿ ಆಗಿತ್ತು. ನಿಲ್ಲಿಸಿ ಅಳೆ ಅಂತ ನಾನೂ ಹೇಳ್ಲಿಲ್ಲ. ಈಗ ಅತ್ತು ಮೂಗು ಕೆಂಪು ಮಾಡ್ಕೋಬೇಡ, ಆ ಗೋಡೆ ಮೇಲಿನ ಕ್ಯಾಲೆಂಡರ್ ತಗೊಂಡು ಬಾ," ಎಂದಳು.

ಕ್ಯಾಲೆಂಡರಿನ ಪ್ರತಿ ದಿನದ ಮನೆಯಲ್ಲೂ ಪೆನ್ಸಿಲಿನಲ್ಲಿ ಒಂದೊಂದು ಅಂಕಿ ಇತ್ತು. ವರ್ಷದ ಮೊದಲ ಪುಟದಲ್ಲಿ ಹದಿನಾರು, ಹದಿನಾರು, ಹದಿನೇಳು. ಮೂರನೆಯ ಪುಟದಲ್ಲಿ ಹದಿನೆಂಟು. ಹಾಗೇ ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೊಂದು. ನಾನು ದಿನವೂ ರಸ್ತೆ ದಾಟುವ ಬಿಳಿ ಪಟ್ಟೆಯ ಮೇಲೆ ಕಾಲಿಟ್ಟ ಗಳಿಗೆಯಿಂದ ಅವಳ ಬದಿಗೆ ಹತ್ತುವವರೆಗೆ ಅಕ್ಕ ಬಾಲ್ಕನಿಯಲ್ಲಿ ಕೈಗಡಿಯಾರ ಹಿಡಿದು ಎಣಿಸುತ್ತಿದ್ದಳಂತೆ. ನಾನು ನಿಧಾನವಾಗುತ್ತಿರುವುದು ನನಗಿಂತ ಮೊದಲು ಅವಳಿಗೆ ಗೊತ್ತಾಗಿತ್ತು. ಎರಡನೆಯ ಮಂಗಳವಾರದ ಮನೆಯಲ್ಲಿ ಅಂಕಿ ಇರಲಿಲ್ಲ, ಪೆನ್ಸಿಲಿನ ಮೊನೆ ಚುಚ್ಚಿ ಕಾಗದ ತೂತಾಗಿತ್ತು. ಮೇಲಿಂದ ನನ್ನ ಹೆಸರು ಹಿಡಿದು ಕೂಗಿದಳಂತೆ, ಹಾರನ್ನಿನ ಗದ್ದಲದಲ್ಲಿ ನನಗೆ ಕೇಳಿಸಲಿಲ್ಲ. ಅಲ್ಲಿಂದ ಮುಂದಿನ ಮನೆಗಳೆಲ್ಲ ಖಾಲಿ. ಆ ಖಾಲಿ ಮನೆಗಳನ್ನು ನೋಡಿ ನನಗೆ ಆದ ಸಂಕಟವನ್ನು ತಮ್ಮಂಥ ದೀಪಕ್ಕೆ ಹೇಗೆ ವಿವರಿಸಲಿ ಎಂದು ತಿಳಿಯದು.

ಆದಕಾರಣ ತಮ್ಮಲ್ಲಿ ಕೆಲವು ವಿನಂತಿಗಳಿವೆ. ತಾವು ದಯವಿಟ್ಟು ಒಂದು ದಿನದ ಮಟ್ಟಿಗೆ ಕಂಬದಿಂದ ಇಳಿದು ಬರಬೇಕು. ನನ್ನ ಹತ್ತಿರ ಐದನೆಯ ನಂಬರಿನ ಕಪ್ಪು ಷೂ ಇನ್ನೂ ಒಂದು ಜೊತೆ ಇದೆ, ಅದನ್ನು ಹಾಕಿಕೊಂಡು, ಕೈಯಲ್ಲಿ ಅರ್ಧ ಡಜನ್ ಬಾಳೆಹಣ್ಣು ಹಿಡಿದು, ನಮ್ಮ ಜೊತೆ ಒಮ್ಮೆ ದಾಟಬೇಕು. ಒತ್ತಿದರೆ ಚಿಂತಿಸಬೇಡಿ, ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ. ಅದು ಆಗದಿದ್ದರೆ, ತಮಗೆ ವರ್ಷಕ್ಕೊಂದು ವರ್ಷ ವಯಸ್ಸಾಗುವ ಏರ್ಪಾಡು ಮಾಡಿಕೊಳ್ಳಬೇಕು. ಮೊದಲು ಒಂದಿಷ್ಟು ಹೊಟ್ಟೆ ಬರಲಿ, ಆಮೇಲೆ ಬೆನ್ನು ಸ್ವಲ್ಪ ಬಾಗಲಿ, ಚಾಚಿದ ಕಾಲು ಗೇಣು ಗೇಣಾಗಿ ಹತ್ತಿರ ಬರಲಿ. ಅದೂ ಕಷ್ಟವೆಂದರೆ, ವಾರಕ್ಕೆರಡು ದಿನವಾದರೂ ತಮ್ಮ ತಾಯಿಯವರನ್ನು ಕೆಲಸಕ್ಕೆ ಕಳಿಸಿ ತಾವು ವಿಶ್ರಾಂತಿ ಪಡೆಯಬೇಕು. ಅವರು ಎಷ್ಟು ಹೊತ್ತು ಉರಿಯುತ್ತಾರೋ ಅಷ್ಟು ನಮಗೆ ಸಾಕು. ಮೇಲಿನ ಅಂತಸ್ತಿನ ಕೆಂಪಣ್ಣನವರಿಗೂ ಒಂದು ಕುರ್ಚಿ ಹಾಕಿಸಿ, ಇಡೀ ದಿನ ನಿಂತೇ ಇರುತ್ತಾರೆ, ಅವರ ಪಾದದ ಸ್ಥಿತಿ ನೆನೆದರೆ ನನಗೆ ಗಾಬರಿಯಾಗುತ್ತದೆ.

ಇವುಗಳಲ್ಲಿ ಯಾವುದೂ ನಿಯಮದಲ್ಲಿಲ್ಲ ಎಂದಾದರೆ, ಕೊನೆಯದಾಗಿ ಒಂದು ಚಿಕ್ಕ ಬೇಡಿಕೆ ಇದೆ. ಏಳು ಸೆಕೆಂಡ್. ಒಂದು ಸೀನು ಬಂದು ಮೂಗು ಒರೆಸಿಕೊಳ್ಳುವಷ್ಟು ಹೊತ್ತು. ಅಷ್ಟರಿಂದ ನಗರದ ಯಾವ ಕೆಲಸವೂ ನಿಲ್ಲುವುದಿಲ್ಲ, ಒಂದು ಜಗಳ ಮಾತ್ರ ಮುಂದುವರಿಯುತ್ತದೆ.

ತಮ್ಮ ನೆಟ್ಟಗಿನ ಬೆನ್ನು ಸದಾ ನೆಟ್ಟಗಿರಲಿ, ಬಲ್ಬು ಬಹುಕಾಲ ಬಾಳಲಿ ಎಂದು ಹಾರೈಸುತ್ತಾ, ಪಟ್ಟೆಯ ಈ ತುದಿಯಲ್ಲಿ ಕಾದು ನಿಂತಿರುವ

ತಮ್ಮ ವಿಶ್ವಾಸಿ,
ಹೆಂಗಸರ ವಿಭಾಗದ ನಿವೃತ್ತ ಮಾರಾಟಗಾರ್ತಿ
(ಬಲಗಾಲಿನ ಹೆಬ್ಬೆರಳಿನ ಪರವಾಗಿ)

ತಾ.ಕ.: ಈ ಭಾನುವಾರ ನಾನು ಅಕ್ಕನ ಮನೆಯಲ್ಲೇ ಉಳಿದುಕೊಳ್ಳುವವಳಿದ್ದೇನೆ. ಸೋಮವಾರ ಬೆಳಿಗ್ಗೆ ಸರಿಯಾಗಿ ಹತ್ತಕ್ಕೆ, ಹದಿನಾಲ್ಕು ತಿಂಗಳ ಮೇಲೆ ಮೊದಲ ಸಲ, ಅಕ್ಕ ಕೆಳಗಿಳಿದು ನನ್ನ ತೋಳು ಹಿಡಿದು ತಮ್ಮ ರಸ್ತೆಯನ್ನು ದಾಟುತ್ತಾಳೆ. ನಾನು ಒಬ್ಬಳೇ ದಾಟಕೂಡದು ಎಂಬ ಮನೆಯ ಅಪ್ಪಣೆಯನ್ನು ಇದರಿಂದ ಅಕ್ಷರಶಃ ಪಾಲಿಸಿದಂತಾಯಿತು. ಸೊಸೆಗೂ ಹೇಳಿದ್ದೇನೆ. ಮೊದಲು ರೇಗಿದಳು, ಆಮೇಲೆ ರಜಾ ಹಾಕಿ ವಾಹನಗಳ ಕಡೆ ಕೈ ಅಡ್ಡ ಹಿಡಿದು ತಾನೂ ಪಟ್ಟೆಯ ಮೇಲೆ ನಿಲ್ಲುವುದಾಗಿ ಒಪ್ಪಿದಳು. ಇಬ್ಬರು ಜೊತೆಯಾಗಿ ನಡೆದರೆ ಮೂವತ್ತೊಂದು ಸೆಕೆಂಡ್ ಎಂದು ಅಕ್ಕ ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಹಾಕಿದ್ದಾಳೆ, ಅವಳ ಲೆಕ್ಕ ತಪ್ಪಿದ್ದನ್ನು ನಾನು ಕಂಡಿಲ್ಲ. ಹದಿನಾಲ್ಕಕ್ಕೆ ತಾವು ಆರಿಹೋಗುವುದಾದರೆ ಧಾರಾಳವಾಗಿ ಆರಿಹೋಗಿ, ನಾವು ಇದ್ದಲ್ಲೇ ಇರುತ್ತೇವೆ. ಹಾರನ್ನಿನ ವಿಷಯದಲ್ಲಿ ಅಕ್ಕನಿಗೆ ಕಿವಿ ಸ್ವಲ್ಪ ಮಂದ. ಕಚೇರಿಯ ಆ ಸಭ್ಯ ಗುಮಾಸ್ತರನ್ನೂ ಅವರ ಫುಟ್ಬಾಲ್ ಆಟಗಾರರನ್ನೂ ಗಡಿಯಾರ ಸಮೇತ ಬರಲು ಕೇಳಿಕೊಂಡಿದ್ದೇನೆ, ನಿವೃತ್ತಿಯ ದಿನ ಅಂಗಡಿಯಿಂದ ಕೇಳಿ ತಂದಿದ್ದ ಆ ಹಳೆಯ ಮರದ ಹಲಗೆಯನ್ನೂ ತರುತ್ತಿದ್ದೇನೆ. ಅವರ ಪಾದವನ್ನೂ ತಮ್ಮ ರಸ್ತೆಯನ್ನೂ, ಈ ಸಲ ನಿಂತೇ ಅಳೆಯುತ್ತೇವೆ.